ಸ್ಪೀಕರ್ ಕೊಳ್ಳುವ ಮುನ್ನ ಕೋಣೆಗೆ ಟೇಪು ಹಿಡಿಯಿರಿ

"ಒಂದು ಲಕ್ಷದ ಬಜೆಟ್ಟಿಗೆ ಹೋಮ್ ಥಿಯೇಟರಿಗೆ ಯಾವ ಸ್ಪೀಕರ್ ತಗೊಳ್ಳಲಿ?" ಅಂತ ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಕೋಣೆಯ ಉದ್ದ, ಅಗಲ, ಎತ್ತರ ಎಷ್ಟು, ಬಾಗಿಲು ಹಾಕಿಕೊಳ್ಳಬಹುದೇ, ಕೂರುವ ಜಾಗ ಟಿವಿಯಿಂದ ಎಷ್ಟು ಅಡಿ ದೂರ ಎಂಬ ಐದು ಸಂಗತಿ ತಿಳಿದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಈ ಐದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಬೆಂಗಳೂರು, ಮೈಸೂರಿನ 30-40 ಸೈಟಿನ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಹೋಮ್ ಥಿಯೇಟರಿಗೆ ಸಿಗುವುದು ಸಾಮಾನ್ಯವಾಗಿ 10×12 ಅಡಿಯ ಬೆಡ್‌ರೂಮು, ಇಲ್ಲವೇ ಮಹಡಿಯ ಮೇಲಿನ 11×16 ಅಡಿಯ ಕೋಣೆ. ಸೂರು 10 ಅಡಿ ಎತ್ತರ ಎಂದುಕೊಂಡರೆ ಮೊದಲನೆಯದು 1200 ಘನ ಅಡಿ, ಎರಡನೆಯದು 1760 ಘನ ಅಡಿ. ಊಟದ ಜಾಗ, ಅಡುಗೆಮನೆ, ಮೆಟ್ಟಿಲು ಎಲ್ಲಕ್ಕೂ ತೆರೆದುಕೊಂಡ ಹಾಲಾದರೆ ಲೆಕ್ಕವೇ ಬೇರೆ. ಸಬ್‌ವೂಫರಿಗೆ (ಕೆಳದನಿಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಸೋಫಾ ಇರುವ ಜಾಗವಷ್ಟೇ ಕೋಣೆಯಲ್ಲ, ಗಾಳಿ ಹರಿಯುವಷ್ಟು ಜಾಗವೂ ಅದರ ಕೋಣೆಯೇ. ಅಲ್ಲಿ 3000, 4000 ಘನ ಅಡಿ ಸುಲಭವಾಗಿ ದಾಟುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಅಂತರ್ಜಾಲದಲ್ಲಿ ಓದುವ, ನೋಡುವ ವಿಮರ್ಶೆಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿನ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು. ಕೆಳದನಿಯ ಅಲೆ ಬಡಿದಾಗ ಆ ಹಲಗೆ ಸಣ್ಣಗೆ ಬಾಗಿ ಒಂದಷ್ಟು ಶಕ್ತಿಯನ್ನು ತಿಂದುಹಾಕುತ್ತದೆ, ಇನ್ನೊಂದಷ್ಟನ್ನು ಆಚೆ ಬಿಡುತ್ತದೆ. ನಮ್ಮದು 6 ಇಂಚಿನ ಸಾಲಿಡ್ ಬ್ಲಾಕು ಅಥವಾ ಇಟ್ಟಿಗೆ, ಮೇಲೆ ಸಿಮೆಂಟ್ ಗಾರೆ, ತಲೆ ಮೇಲೆ ಆರ್‌ಸಿಸಿ ಸ್ಲ್ಯಾಬು, ಕಾಲಡಿಗೆ ವಿಟ್ರಿಫೈಡ್ ಟೈಲ್ಸು. ಬೇಸ್, ಅಂದರೆ ಕೆಳದನಿ, ಹೊರಗೆ ಹೋಗುವುದು ಬಹಳ ಕಡಿಮೆ. ಹಾಗಾಗಿ ಅಲ್ಲಿನವರು "ಈ ಅಳತೆಗೆ 15 ಇಂಚಿನ ಸಬ್ ಬೇಕು" ಅಂದಲ್ಲಿ ನಮಗೆ ಎಷ್ಟೋ ಸಲ ಅದಕ್ಕಿಂತ ಚಿಕ್ಕದೇ ಸಾಕಾಗುತ್ತದೆ. ಆದರೆ ಅವರಲ್ಲಿ ಸ್ವಲ್ಪ ಗುಂಯ್‌ಗುಡುವುದು ನಮ್ಮಲ್ಲಿ ಕೋಣೆ ತುಂಬ ಗುಂಯ್‌ಗುಡುತ್ತದೆ. ಮಲೆನಾಡಿನ ಹೆಂಚಿನ ಮನೆಯಲ್ಲಿ ಮರದ ಮುಚ್ಚಿಗೆಯ ಕೆಳಗೆ ಕೂತರೆ ಇದು ಅನ್ವಯಿಸದು. ಅಲ್ಲಿ ಬೇಸ್ ಮಾಡಿನ ಸಂದುಗಳಿಂದ ಧಾರಾಳವಾಗಿ ಸೋರಿಹೋಗುತ್ತದೆ, ಸಬ್ ಒಂದು ಅಳತೆ ದೊಡ್ಡದೇ ಬೇಕು.

ಗುಂಯ್‌ಗುಡುವಿಕೆ ಯಾವ ದನಿಯಲ್ಲಿ ಬರುತ್ತದೆ ಎಂಬುದನ್ನು ಕಾಗದದ ಮೇಲೆಯೇ ಕಂಡುಹಿಡಿಯಬಹುದು. 1125ನ್ನು (ದನಿ ಸೆಕೆಂಡಿಗೆ ಸಾಗುವ ಅಡಿ) ಗೋಡೆಯಿಂದ ಗೋಡೆಗಿರುವ ಅಡಿಗಳ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್, 16 ಅಡಿಗೆ 35 ಹರ್ಟ್ಸ್. ಆ ದನಿ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಇದೇ ಆ ಅಳತೆಯ ಮೊದಲ ಅನುರಣನೆ, ಅದರ ಎರಡರಷ್ಟು ಹರ್ಟ್ಸ್‌ನಲ್ಲಿ ಎರಡನೆಯದು. ಗೋಡೆಗಳ ಬುಡದಲ್ಲಿ ಅತಿ ಜೋರು, ಕೋಣೆಯ ನಟ್ಟನಡುವೆ ಸೊನ್ನೆ. ಈಗ 10×12 ಕೋಣೆಯನ್ನೇ ನೋಡಿ: ಅಗಲ 10, ಎತ್ತರವೂ 10. ಎರಡೂ 56 ಹರ್ಟ್ಸ್‌ನಲ್ಲೇ ಬಂದು ಕೂತು ಒಂದರ ಮೇಲೊಂದು ಏರುತ್ತವೆ. ಉದ್ದ 20 ಅಡಿ ಇದ್ದರೆ ಅದರ ಎರಡನೆಯ ಅನುರಣನೆಯೂ ಅಲ್ಲಿಗೇ ಬಂದು ಸೇರುತ್ತದೆ. 12×12ರ ಚೌಕ ಕೋಣೆ ಇನ್ನೂ ಕಷ್ಟ. ಮನೆ ಕಟ್ಟಿಸುವ ಹಂತದಲ್ಲಿದ್ದು ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೂರೂ ಅಳತೆ ಬೇರೆಬೇರೆ ಇರುವಂತೆ, ಒಂದು ಇನ್ನೊಂದರ ಎರಡರಷ್ಟು ಆಗದಂತೆ ನೋಡಿಕೊಳ್ಳಿ. 11×15×9.5 ಬಹಳ ಒಳ್ಳೆಯ ಅಳತೆ.

ಇಂಥ ಕೋಣೆಗೆ ಟವರ್ ಸ್ಪೀಕರ್ (ನೆಲದ ಮೇಲೆ ನಿಲ್ಲುವ ಎತ್ತರದ್ದು) ತರುವುದು ದುಡ್ಡಿನ ದಂಡ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಟವರಿನಲ್ಲಿ ಹೆಚ್ಚುವರಿಯಾಗಿ ಕೊಳ್ಳುವುದು ಮುಖ್ಯವಾಗಿ 40ರಿಂದ 80 ಹರ್ಟ್ಸ್‌ವರೆಗಿನ ಬೇಸನ್ನು. ರಿಸೀವರಿನಲ್ಲಿ (ಸ್ಪೀಕರುಗಳನ್ನೆಲ್ಲ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಕ್ರಾಸ್‌ಓವರನ್ನು, ಅಂದರೆ ಸ್ಪೀಕರಿಗೂ ಸಬ್ಬಿಗೂ ದನಿ ಹಂಚುವ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟ ಕ್ಷಣ ಆ ಪಾಲು ಸಬ್‌ವೂಫರಿಗೆ ಹೋಗುತ್ತದೆ, ಟವರಿನ ಕೆಳಗಿನ ವೂಫರಿಗೆ (ಕೆಳದನಿಯ ಕೋನು) ಹೆಚ್ಚು ಕೆಲಸ ಉಳಿಯುವುದಿಲ್ಲ. ಕ್ರಾಸ್‌ಓವರ್ ಇಡದೆ ಪೂರ್ತಿ ಬೇಸನ್ನು ಟವರಿಗೇ ಬಿಟ್ಟರೆ ಸ್ಟೀರಿಯೋ ಸರಿಯಾಗಿ ಕೇಳುವ ಜಾಗ ಒಂದು, ಬೇಸ್ ಸಮವಾಗಿ ಹರಡುವ ಜಾಗ ಇನ್ನೊಂದು. ಟವರನ್ನು ಎರಡೂ ಕಡೆ ಇಡಲಾಗದು. ಸಬ್ ಮಾತ್ರ ಎಲ್ಲಿ ಬೇಕಾದರೂ ಕೂರುತ್ತದೆ, ಏಕೆಂದರೆ 80 ಹರ್ಟ್ಸ್‌ಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ. 1800 ಘನ ಅಡಿಯವರೆಗೆ 5.25 ಅಥವಾ 6.5 ಇಂಚಿನ ವೂಫರ್ ಇರುವ ಒಳ್ಳೆಯ ಬುಕ್‌ಶೆಲ್ಫ್ (ಸ್ಟ್ಯಾಂಡಿನ ಅಥವಾ ಹಲಗೆಯ ಮೇಲಿಡುವ ಚಿಕ್ಕ ಸ್ಪೀಕರ್) ಜೋಡಿ ಕೊಳ್ಳಿ, ಟವರಿನಲ್ಲಿ ಉಳಿದ ಹಣವನ್ನು ಸಬ್ಬಿಗೆ ಹಾಕಿ. ಅದೇ ತಯಾರಿಕೆಯ ಬುಕ್‌ಶೆಲ್ಫಿಗೂ ಟವರಿಗೂ ಟ್ವೀಟರ್ (ಮೇಲ್ದನಿಯ ಭಾಗ) ಒಂದೇ ಇರುವುದು ಸಾಮಾನ್ಯ. ಮಾತಿನ ಸ್ಪಷ್ಟತೆಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ.

"ಅಷ್ಟು ಚಿಕ್ಕ ಸ್ಪೀಕರಿಗೆ ಜೋರು ಸಾಲುತ್ತದೆಯೇ?" ಲೆಕ್ಕ ಹಾಕಿಬಿಡೋಣ. ಸ್ಪೀಕರಿನ ಕಾಗದದಲ್ಲಿ ಸೆನ್ಸಿಟಿವಿಟಿ 87 ಡೆಸಿಬೆಲ್ ಎಂದಿದೆ ಅನ್ನಿ. ಅಂದರೆ 8 ಓಮ್ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್. 8 ಅಡಿ ದೂರಕ್ಕೆ ಸುಮಾರು 8 ಡೆಸಿಬೆಲ್ ಇಳಿಯುತ್ತದೆ. ಸಿನಿಮಾ ಮಿಕ್ಸಿಂಗಿನ ಅಳತೆಯಲ್ಲಿ ಸರಾಸರಿ 85, ಗರಿಷ್ಠ 105 ಡೆಸಿಬೆಲ್. ಆದರೆ ಅದು ದೊಡ್ಡ ಸಭಾಂಗಣದ ಅಳತೆ. ಚಿಕ್ಕ ಕೋಣೆಯಲ್ಲಿ ಗೋಡೆಯ ಪ್ರತಿಫಲನಗಳು ಬೇಗ ಬಂದು ಸೇರುವುದರಿಂದ ಅದೇ ಮಟ್ಟ ಕಿವಿಗೆ ಹೆಚ್ಚೆನಿಸುತ್ತದೆ. ಅಮೆರಿಕದ ಟಿವಿ ಪ್ರಸಾರದ ಎಟಿಎಸ್‌ಸಿ ಶಿಫಾರಸು 1500 ಘನ ಅಡಿಗಿಂತ ಚಿಕ್ಕ ಮಿಕ್ಸಿಂಗ್ ಕೋಣೆಗೆ ಸರಾಸರಿ 74 ಡೆಸಿಬೆಲ್ ಸಾಕು ಅನ್ನುವುದು ಇದೇ ಕಾರಣಕ್ಕೆ. ಗರಿಷ್ಠ ಸರಾಸರಿಗಿಂತ 20 ಹೆಚ್ಚಿರುವುದರಿಂದ ನಮ್ಮ ಗುರಿ ಸುಮಾರು 95ರ ಗರಿಷ್ಠ. 95ಕ್ಕೆ 8 ಸೇರಿಸಿ 87 ಕಳೆದರೆ 16 ಡೆಸಿಬೆಲ್, ಅಂದರೆ 40 ವ್ಯಾಟ್. ಯಾವ ಸಾಧಾರಣ ರಿಸೀವರ್ ಕೂಡ ಇದನ್ನು ಕೊಡುತ್ತದೆ.

ಅದೇ ಸ್ಪೀಕರನ್ನು ಹಾಲಿನಲ್ಲಿಟ್ಟು 14 ಅಡಿ ದೂರ ಕೂತರೆ 13 ಡೆಸಿಬೆಲ್ ಇಳಿಯುತ್ತದೆ, ಬೇಕಾಗುವುದು 125 ವ್ಯಾಟಿನಷ್ಟು. ಪೆಟ್ಟಿಗೆಯ ಮೇಲೆ 100 ವ್ಯಾಟ್ ಎಂದು ಬರೆದ ರಿಸೀವರು ಎರಡು ಚಾನೆಲ್ ಮಾತ್ರ ನಡೆಯುವಾಗ ಅಷ್ಟು ಕೊಡುತ್ತದೆ. ಐದೂ ಒಟ್ಟಿಗೆ ಅಬ್ಬರಿಸುವಾಗ ಕೊಡಲಾರದು. ಹೆಚ್ಚಿನವರು ಇಲ್ಲಿ ದೊಡ್ಡ ಆಂಪ್ಲಿಫೈಯರ್ ಹುಡುಕುತ್ತಾರೆ. ಅದಕ್ಕಿಂತ 92 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಹುಡುಕುವುದು ಜಾಣತನ. ಆಗ 14 ಅಡಿಯಲ್ಲೂ ಅದೇ 40 ವ್ಯಾಟ್ ಸಾಕು. ದೊಡ್ಡ ಜಾಗದಲ್ಲಿ ಟವರಿಗೆ ಬೆಲೆ ಬರುವುದು ಈ ಸೆನ್ಸಿಟಿವಿಟಿಯಿಂದಾಗಿ. ಇನ್ನು ಡಬ್ಬಿಯ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿರುವ ಸೆಟ್‌ಗಳ ಆ ಸಂಖ್ಯೆಗೆ ಅರ್ಥವೇ ಇಲ್ಲ. ಆರ್‌ಎಂಎಸ್ (ನಿರಂತರ ಕೊಡಬಲ್ಲ ಶಕ್ತಿ) ಎಷ್ಟು, ಎಷ್ಟು ಓಮಿಗೆ, ಎಷ್ಟು ಚಾನೆಲ್ ನಡೆಸಿ ಅಳೆದದ್ದು ಎಂದು ಕೇಳಿ.

10×12ರಲ್ಲಿ ಜೋಡಣೆ ಹೀಗೆ: ಟಿವಿ 10 ಅಡಿಯ ಗೋಡೆಗೆ. 12 ಅಡಿಯ ಗೋಡೆಗೆ ಹಾಕಿದರೆ ಸೋಫಾ ಹಿಂಗೋಡೆಗೆ ಅಂಟಿಕೊಳ್ಳುತ್ತದೆ, ಅಲ್ಲಿ ಎಲ್ಲ ಬೇಸೂ ಉಬ್ಬಿ ಕೇಳುತ್ತದೆ. ಕಿವಿ ಮುಂಗೋಡೆಯಿಂದ ಏಳೂವರೆ ಅಡಿಯಲ್ಲಿರಲಿ, ಅಂದರೆ ಕೋಣೆಯ ಉದ್ದದ ಶೇ. 62ರ ಆಸುಪಾಸು. ನಟ್ಟನಡುವೆ, 6 ಅಡಿಯಲ್ಲಿ, ಕೂರಬೇಡಿ. 47 ಹರ್ಟ್ಸ್ ಅಲ್ಲಿ ಮಾಯವಾಗುತ್ತದೆ. ಮುಂದಿನ ಎರಡು ಸ್ಪೀಕರ್ ನಡುವೆ 7 ಅಡಿ ಅಂತರ ಕೊಟ್ಟರೆ ನಡುವಿನಿಂದ ಒಂದೊಂದೂ 25ರಿಂದ 30 ಡಿಗ್ರಿ ಕೋನಕ್ಕೆ ಬರುತ್ತದೆ. ಸಿನಿಮಾ ದನಿಯ ಡಾಲ್ಬಿ ಸಂಸ್ಥೆ ಹೇಳುವ 22ರಿಂದ 30 ಡಿಗ್ರಿಯೊಳಗೇ ಇದೆ, ಪಕ್ಕದ ಗೋಡೆಗೂ ಒಂದೂವರೆ ಅಡಿ ಉಳಿಯುತ್ತದೆ. ಟ್ವೀಟರ್ ಕೂತವರ ಕಿವಿಯ ಎತ್ತರದಲ್ಲಿರಲಿ.

ಬೇಸ್ ಹೊರಬಿಡುವ ಪೋರ್ಟಿನ ತೂತು ಹಿಂದಿರುವ ಸ್ಪೀಕರಾದರೆ ಗೋಡೆಗೆ ಅರ್ಧ ಅಡಿಯಾದರೂ ಜಾಗ ಬಿಡಬೇಕು. ಅದಿಲ್ಲವೆಂದರೆ ಮುಂದೆ ಪೋರ್ಟ್ ಇರುವುದನ್ನೇ ಕೊಳ್ಳಿ, ಅಥವಾ ಪೋರ್ಟಿಗೆ ಫೋಮಿನ ಬಿರಡೆ ತುರುಕಿ. ಕ್ರಾಸ್‌ಓವರ್ 80ರಲ್ಲಿರುವಾಗ ನಷ್ಟವೇನಿಲ್ಲ. "ಗೋಡೆಯಿಂದ ಮೂರಡಿ ಮುಂದೆ ಎಳೆಯಿರಿ" ಎಂಬ ಸಲಹೆ ಸಂಗೀತ ಕೇಳುವ ದೊಡ್ಡ ಕೋಣೆಗೆ ಸಂಬಂಧಿಸಿದ್ದು. ಹಿಂದಿನ ಗೋಡೆಗೆ ಬಡಿದು ಬರುವ ಅಲೆ ನೇರ ಅಲೆಯನ್ನು ಕೊಲ್ಲುವ ಜಾಗ ಎಲ್ಲಿದೆ ಎಂದು ತಿಳಿಯಲು 281ನ್ನು (1125ರ ಕಾಲುಭಾಗ) ಗೋಡೆಯಿಂದ ಸ್ಪೀಕರಿನ ಮುಖಕ್ಕಿರುವ ಅಡಿಗಳಿಂದ ಭಾಗಿಸಿ. ಮೂರಡಿ ಎಳೆದರೆ 94 ಹರ್ಟ್ಸ್‌ನಲ್ಲಿ ಹಳ್ಳ ಬೀಳುತ್ತದೆ, ಅದನ್ನು ದನಿ ಹೀರುವ ಯಾವ ಪ್ಯಾನೆಲ್ಲೂ ತುಂಬಲಾರದು. ಸ್ಪೀಕರಿನ ಮುಖ ಗೋಡೆಯಿಂದ ಒಂದೂವರೆ ಅಡಿಯಲ್ಲಿದ್ದರೆ ಹಳ್ಳ 187ಕ್ಕೆ ಏರುತ್ತದೆ, ಹಿಂದೆ ಒಂದು ದಪ್ಪ ಪ್ಯಾನೆಲ್ ಇಟ್ಟರೆ ಸಾಕಷ್ಟು ತುಂಬುತ್ತದೆ.

ಸೆಂಟರ್ ಸ್ಪೀಕರಿಗೆ ಕೈ ಬಿಗಿ ಹಿಡಿಯಬೇಡಿ. ಸಿನಿಮಾದ ಮಾತಿನ ಬಹುಪಾಲು ಬರುವುದು ಅದರಿಂದಲೇ. ಮುಂದಿನ ಎರಡರ ಸರಣಿಯದ್ದೇ ಆಗಿರಬೇಕು. ಟಿವಿ ಯೂನಿಟ್ಟಿನ ಗೂಡಿನೊಳಗೆ ತಳ್ಳಿಟ್ಟರೆ ಗಂಡಸರ ದನಿ ಮಡಕೆಯೊಳಗಿಂದ ಬಂದಂತೆ ಕೇಳುತ್ತದೆ. ಹಲಗೆಯ ಅಂಚಿನವರೆಗೆ ಎಳೆದು, ಮುಂಭಾಗದ ಕೆಳಗೆ ರಬ್ಬರ್ ತುಂಡು ಕೊಟ್ಟು ಮುಖವನ್ನು ಕಿವಿಯತ್ತ ಎತ್ತಿ. ನಡುವೆ ಟ್ವೀಟರ್, ಅಕ್ಕಪಕ್ಕ ವೂಫರ್ ಇರುವ ಅಡ್ಡ ಸೆಂಟರುಗಳಲ್ಲಿ ಬದಿಗೆ ಕೂತವರಿಗೆ ಮಾತು ಮಂಕಾಗುತ್ತದೆ. ಮೂವರ ಸೋಫಾ 8 ಅಡಿಯಲ್ಲಿದ್ದರೆ ತುದಿಯವರು 15 ಡಿಗ್ರಿಯಷ್ಟೇ ಆಚೆ ಇರುತ್ತಾರೆ, ನಡೆಯುತ್ತದೆ. ಅದಕ್ಕಿಂತ ಹತ್ತಿರ ಕೂರುವುದಾದರೆ ಟ್ವೀಟರಿನ ಕೆಳಗೆ ಮಿಡ್‌ರೇಂಜ್ ಇರುವ ಮೂರು ಹಾದಿಯ ಸೆಂಟರ್ ಒಳ್ಳೆಯದು.

ಸಬ್‌ವೂಫರ್ ವಿಷಯದಲ್ಲಿ ಸ್ವಲ್ಪ ತಡೆದು ನಿಲ್ಲಬೇಕು, ಏಕೆಂದರೆ ಚಿಕ್ಕ ಕೋಣೆಯ ಸುಖದುಃಖವೆಲ್ಲ ಇದರಲ್ಲೇ ಇದೆ. ಬಾಗಿಲು ಮುಚ್ಚಿದ ಕಾಂಕ್ರೀಟು ಕೋಣೆಯಲ್ಲಿ ಅದರ ಮೊದಲ ಅನುರಣನೆಗಿಂತ ಕೆಳಗೆ, ನಮ್ಮ ಉದಾಹರಣೆಯಲ್ಲಿ 47 ಹರ್ಟ್ಸ್‌ಗಿಂತ ಕೆಳಗೆ, ಕೋಣೆಯ ಗಾಳಿಯೆಲ್ಲ ಒಟ್ಟಿಗೆ ಒತ್ತಿಕೊಳ್ಳುತ್ತದೆ. ಬೇಸ್ ತಾನಾಗಿ ಏರುತ್ತದೆ, ಪೂರ್ತಿ ಬಿಗಿಯಾದ ಕೋಣೆಯಲ್ಲಿ ಆಕ್ಟೇವಿಗೆ (ಹರ್ಟ್ಸ್ ಅರ್ಧಕ್ಕಿಳಿದ ಪ್ರತಿ ಸಲ) 12 ಡೆಸಿಬೆಲ್‌ವರೆಗೆ. ಸೀಲ್ಡ್ ಸಬ್ (ಪೋರ್ಟಿಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯದು) ಆಕ್ಟೇವಿಗೆ ಸುಮಾರು 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಒಂದು ಏರುವಲ್ಲಿ ಇನ್ನೊಂದು ಇಳಿದು ಎರಡೂ ಹೊಂದಿಕೊಳ್ಳುತ್ತವೆ. ಆದ್ದರಿಂದ 1200ರಿಂದ 1800 ಘನ ಅಡಿಯ ಮುಚ್ಚಿದ ಕೋಣೆಗೆ 10 ಅಥವಾ 12 ಇಂಚಿನ, 250-300 ವ್ಯಾಟ್ ಆರ್‌ಎಂಎಸ್‌ನ ಸೀಲ್ಡ್ ಸಬ್ ಹೇಳಿ ಮಾಡಿಸಿದ್ದು. ಪೋರ್ಟೆಡ್ ಸಬ್ 20-30 ಹರ್ಟ್ಸ್‌ನಲ್ಲಿ ಹೆಚ್ಚು ಒತ್ತು ಕೊಡುತ್ತದೆ, ಅದು ಕೋಣೆಯ ಏರಿಕೆಯ ಮೇಲೆ ಮತ್ತೊಂದು ಏರಿಕೆ. ತೆರೆದ ಹಾಲಿನಲ್ಲಿ ಈ ಏರಿಕೆ ಸಿಗದು. ಅಲ್ಲಿ ಪೋರ್ಟೆಡ್ 12 ಇಂಚು ಬೇಕೇ ಬೇಕು, ಸಾಧ್ಯವಾದರೆ ಎರಡು.

ಚಿಕ್ಕ ಕೋಣೆಯಲ್ಲೂ ಒಂದು ದೊಡ್ಡ ಸಬ್ಬಿಗಿಂತ ಎರಡು ಚಿಕ್ಕವು ಮೇಲು. ಮುಂಗೋಡೆಯ ನಡುವೆ ಒಂದು, ಹಿಂಗೋಡೆಯ ನಡುವೆ ಇನ್ನೊಂದು ಇಟ್ಟರೆ ಉದ್ದದ ಮೊದಲ ಅನುರಣನೆಯನ್ನು ಎರಡೂ ಎದುರುಬದುರಾಗಿ ತಳ್ಳಿ ಅಳಿಸಿಹಾಕುತ್ತವೆ. ನಟ್ಟನಡುವೆ ಇರುವುದರಿಂದ ಅಗಲದ ಮೊದಲ ಅನುರಣನೆಯನ್ನು ಎಬ್ಬಿಸುವುದೂ ಇಲ್ಲ. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಹಲವು ಜೋಡಣೆಗಳನ್ನು ಹೋಲಿಸಿ ತೋರಿಸಿದ ಮೇಲೆ ಇದು ಎಲ್ಲೆಡೆ ರೂಢಿಯಾಯಿತು.

ಒಂದೇ ಸಬ್ ಇದ್ದರೆ ಅದನ್ನು ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. 30ರಿಂದ 80 ಹರ್ಟ್ಸ್‌ವರೆಗೆ ನಿಧಾನ ಏರುವ ಟೋನ್ ಹಾಕಿ, ಮಂಡಿಯೂರಿ ಗೋಡೆಯ ಬುಡದಲ್ಲಿ ಒಂದೊಂದೇ ಅಡಿ ಸರಿಯುತ್ತಾ ಕೇಳಿ. ಜೋರಾಗಿ ಕೇಳುವ ಜಾಗಕ್ಕೆ ಮರುಳಾಗಬೇಡಿ. ಎಲ್ಲ ದನಿಯೂ ಸಮವಾಗಿ ಕೇಳುವ ಜಾಗ ಯಾವುದೋ ಸಬ್ ಅಲ್ಲಿಗೆ. ಮೂಲೆಯಲ್ಲಿಟ್ಟರೆ ಜೋರು ಬರುತ್ತದೆ ನಿಜ, ಆದರೆ ಎಲ್ಲ ಅನುರಣನೆಗಳೂ ಒಟ್ಟಿಗೆ ಎದ್ದು ಡೋಲಿನ ಒಂದು ಪೆಟ್ಟು ಇನ್ನೊಂದರೊಳಗೆ ಕಲಸಿಹೋಗುತ್ತದೆ. ಅದೇ ಟೋನನ್ನು ಮತ್ತೊಮ್ಮೆ ಜೋರಾಗಿ ಹಾಕಿ ಕೋಣೆ ಸುತ್ತಿ. ಬೀರುವಿನ ಬಾಗಿಲು, ಅಲ್ಯೂಮಿನಿಯಮ್ ಸ್ಲೈಡಿಂಗ್ ಕಿಟಕಿ, ಫ್ಯಾನಿನ ಮೇಲ್ತುದಿಯ ಬಟ್ಟಲಿನಂಥ ಮುಚ್ಚಳ, ಪಿಒಪಿ ಸೀಲಿಂಗಿನ ದೀಪಗಳು ಒಂದೊಂದು ದನಿಗೆ ಒಂದೊಂದು ನಡುಗುತ್ತವೆ. ಫೋಮ್ ಟೇಪು, ಫೆಲ್ಟ್ ತುಂಡು ಅಂಟಿಸಿದರೆ ಮುಗಿಯಿತು. ಸಬ್ ಕೆಟ್ಟಿದೆ ಎಂದು ಹೊತ್ತೊಯ್ಯುವ ಎಷ್ಟೋ ಪ್ರಸಂಗಗಳಲ್ಲಿ ಕೆಟ್ಟದ್ದು ಇವೇ. ಸಬ್ಬಿನ ಕೆಳಗಿನ ಫೋಮ್ ಹಲಗೆ ಕೆಳಮನೆಯವರನ್ನು ಕಾಪಾಡುವುದಿಲ್ಲ. ಬೇಸ್ ಗಾಳಿಯಿಂದಲೇ ಸ್ಲ್ಯಾಬನ್ನು ನಡುಗಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹೊತ್ತು ಸಬ್ಬಿನ ಮಟ್ಟ ಇಳಿಸುವುದೊಂದೇ ದಾರಿ.

ಸರೌಂಡ್ ಸ್ಪೀಕರುಗಳು 5.1ರಲ್ಲಿ (ಐದು ಸ್ಪೀಕರ್, ಒಂದು ಸಬ್) ಕಿವಿಯ ಪಕ್ಕದಿಂದ ತುಸು ಹಿಂದೆ, 110-120 ಡಿಗ್ರಿಯಲ್ಲಿ. 10 ಅಡಿ ಅಗಲದಲ್ಲಿ ತುದಿಗೆ ಕೂತವರ ಕಿವಿಗೂ ಗೋಡೆಗೂ ಮೂರಡಿಯಷ್ಟೇ ಇರುವುದರಿಂದ ಕಿವಿ ಎತ್ತರಕ್ಕೆ ಇಟ್ಟರೆ ಅವರಿಗೆ ಆ ಒಂದೇ ಸ್ಪೀಕರ್ ಕೇಳಿಸುತ್ತದೆ. ಐದೂವರೆ ಅಡಿ ಎತ್ತರಕ್ಕೆ ಏರಿಸಿ, ಮುಖವನ್ನು ಎದುರು ತುದಿಯವರ ಕಡೆ ತಿರುಗಿಸಿ. ಇಷ್ಟು ಚಿಕ್ಕ ಕೋಣೆಗೆ 7.1 ಬೇಡ.

ಅಟ್ಮಾಸ್ (ತಲೆಯ ಮೇಲಿನಿಂದಲೂ ದನಿ ಬರುವ ಡಾಲ್ಬಿ ವ್ಯವಸ್ಥೆ) ಬೇಕೆಂದರೆ ಅಲ್ಲೂ ಟೇಪೇ ತೀರ್ಮಾನ ಹೇಳುತ್ತದೆ. ಸೂರು 10 ಅಡಿ, ಕೂತವರ ಕಿವಿ ಮೂರೂವರೆ ಅಡಿ, ನಡುವೆ ಆರೂವರೆ ಅಡಿ. ನಾಲ್ಕು ಮೇಲ್ಸ್ಪೀಕರ್ ಹಾಕಿ 45 ಡಿಗ್ರಿ ಕೋನ ಬರಬೇಕಾದರೆ ಒಂದು ಜೋಡಿ ನಿಮ್ಮ ಮುಂದೆ ಆರೂವರೆ ಅಡಿ, ಇನ್ನೊಂದು ಹಿಂದೆ ಆರೂವರೆ ಅಡಿ ಇರಬೇಕು. 12 ಅಡಿಯ ಕೋಣೆಯಲ್ಲಿ ನಿಮ್ಮ ಹಿಂದೆ ನಾಲ್ಕೂವರೆ ಅಡಿಯಷ್ಟೇ ಉಳಿದಿದೆ. ಹಾಗಾಗಿ 5.1.2, ಒಂದೇ ಜೋಡಿ, ತಲೆಗಿಂತ ಒಂದೆರಡು ಅಡಿ ಮುಂದೆ. ಮೇಲಕ್ಕೆ ಹೊಡೆದು ಸೂರಿನಿಂದ ಪುಟಿಸುವ ಸ್ಪೀಕರುಗಳಿಗೆ ಗಟ್ಟಿಯಾದ ಸಪಾಟು ಸೂರು ಬೇಕು. ಡಾಲ್ಬಿಯ ಪ್ರಕಾರ ಏಳೂವರೆಯಿಂದ 12 ಅಡಿ ಎತ್ತರ ಉತ್ತಮ. ಬರಿಯ ಸ್ಲ್ಯಾಬು ಇದಕ್ಕೆ ಬಹಳ ಚೆನ್ನ. ದನಿಯ ಹಾದಿಗೆ ತೊಲೆ, ಮೆಟ್ಟಿಲು ಮೆಟ್ಟಿಲಿನ ಪಿಒಪಿ, ಫ್ಯಾನಿನ ರೆಕ್ಕೆ ಅಡ್ಡ ಬಂದರೆ ಕೆಲಸ ಕೆಡುತ್ತದೆ. ಇಳಿಜಾರು ಹೆಂಚಿನ ಮಾಡಿನ ಕೆಳಗೆ ಅವನ್ನು ಕೊಳ್ಳಲೇಬೇಡಿ.

ಇಷ್ಟೆಲ್ಲ ಸರಿಯಾಗಿ ಆರಿಸಿ ಬರಿಗೋಡೆಯ ನಡುವೆ ಇಟ್ಟರೆ ಮಾತು ಅರ್ಥವಾಗುವುದಿಲ್ಲ. ಲೆಕ್ಕ ನೋಡಿ: 10×12×10 ಕೋಣೆಯ ಗೋಡೆ, ನೆಲ, ಸೂರು ಸೇರಿ 680 ಚದರಡಿ. ಗಾರೆ, ಟೈಲ್ಸು ಬಡಿದ ದನಿಯಲ್ಲಿ ಶೇ. 3ರಷ್ಟನ್ನು ಮಾತ್ರ ಹೀರಿದರೆ ಒಟ್ಟು ಹೀರುವಿಕೆ 20 ಚದರಡಿಗೆ ಸಮ. ಅಡಿ ಲೆಕ್ಕದ ಸೂತ್ರದಂತೆ 0.049ನ್ನು ಕೋಣೆಯ 1200 ಘನ ಅಡಿಯಿಂದ ಗುಣಿಸಿ 20ರಿಂದ ಭಾಗಿಸಿದರೆ 2.9 ಸೆಕೆಂಡು. ದನಿ ಅಷ್ಟು ಹೊತ್ತು ಅಲ್ಲೇ ಸುತ್ತುತ್ತದೆ. ಬೇಕಾದದ್ದು 0.4ರ ಸುತ್ತ. ಬಟ್ಟೆಯ ಸೋಫಾ ಮತ್ತು ಕೂತ ಜನ 20, ನೆರಿಗೆ ಕೊಟ್ಟ ದಪ್ಪ ಕರ್ಟನ್ 20, ದಪ್ಪ ರಗ್ಗು 12 ಕೊಡುತ್ತವೆ. ಉಳಿದದ್ದನ್ನು ಪ್ಯಾನೆಲ್ ಕೊಡಬೇಕು: ಮರದ ಚೌಕಟ್ಟಿನೊಳಗೆ ಘನ ಮೀಟರಿಗೆ 48 ಕೆಜಿ ಸಾಂದ್ರತೆಯ 2 ಇಂಚು ರಾಕ್‌ವೂಲ್, ಮೇಲೆ ಗಾಳಿಯಾಡುವ ಬಟ್ಟೆ, 2×4 ಅಡಿಯ ಒಂದಕ್ಕೆ 8 ಚದರಡಿ. ಹತ್ತು ಪ್ಯಾನೆಲ್ ಆದರೆ ಒಟ್ಟು 150 ದಾಟಿ 0.39 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಮೊದಲ ಪ್ಯಾನೆಲ್ ಎಲ್ಲಿಗೆ? ನೀವು ಸೋಫಾದಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ, ಸ್ಪೀಕರ್ ಕಂಡ ಜಾಗಕ್ಕೆ. ಮೊಟ್ಟೆ ಟ್ರೇ, ಥರ್ಮಾಕೋಲ್ ಎರಡರಿಂದಲೂ ಪ್ರಯೋಜನವಿಲ್ಲ. ಅರ್ಧ ಇಂಚಿನ ಫೋಮ್ ಚೌಕಗಳು ಟ್ವೀಟರಿನ ದನಿಯನ್ನಷ್ಟೇ ತಿಂದು ಕೋಣೆಯನ್ನು ಮಂಕು ಮಾಡುತ್ತವೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕೋನಿನ ಸುತ್ತಲ ಅಂಚು ಫೋಮಿನದೋ ರಬ್ಬರಿನದೋ ಎಂದು ಮುಟ್ಟಿ ನೋಡಿ. ಸೆಕೆ, ತೇವಕ್ಕೆ ಫೋಮ್ ಕೆಲವೇ ವರ್ಷದಲ್ಲಿ ಪುಡಿಯಾಗಿ ಉದುರುತ್ತದೆ. ಹಳೆಯ ಸ್ಪೀಕರ್ ಕೊಳ್ಳುವಾಗಲಂತೂ ಇದನ್ನೇ ಮೊದಲು ನೋಡಬೇಕು.

ವೈರಿಗೆ ಹೆಚ್ಚು ಖರ್ಚು ಬೇಡ. 8 ಮೀಟರ್‌ವರೆಗೆ 1.5 ಚದರ ಮಿಮೀ, ಅದಕ್ಕೂ ಉದ್ದಕ್ಕೆ ಅಥವಾ 4 ಓಮ್ ಸ್ಪೀಕರಿಗೆ 2.5 ಚದರ ಮಿಮೀ ಶುದ್ಧ ತಾಮ್ರ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಮ್, ವಾಪಸ್ ಕೊಡಿ. ಗೋಡೆಯಲ್ಲಿ ಕರೆಂಟಿನ ವೈರಿಗೆ ಬೇರೆ, ಸ್ಪೀಕರ್ ವೈರಿಗೆ ಬೇರೆ ಪೈಪು ಹಾಕಿಸಿ. ರಿಸೀವರ್ ಮತ್ತು ಸಬ್ ಎರಡನ್ನೂ ಒಂದೇ ಅರ್ತಿಂಗಿನ ಸಾಕೆಟ್‌ನಿಂದ ಎಳೆದರೆ ಹಮ್ಮಿಂಗ್ ತೊಂದರೆ ಬಹಳಷ್ಟು ಬರುವುದೇ ಇಲ್ಲ.

ಕೊನೆಗೆ ರಿಸೀವರಿನ ಮೈಕನ್ನು ಕಿವಿಯ ಎತ್ತರದಲ್ಲಿ ಟ್ರೈಪಾಡಿನ ಮೇಲೆ ನಿಲ್ಲಿಸಿ, ಸೋಫಾದ ಬೆನ್ನಿಗೆ ತಾಗದಂತೆ, ಫ್ಯಾನು ಎಸಿ ನಿಲ್ಲಿಸಿ ಅಳತೆ ನಡೆಸಿ. ಮುಗಿದ ಮೇಲೆ ಮೆನುವಿಗೆ ಹೋಗಿ. ಗೋಡೆಗೆ ಹತ್ತಿರವಿರುವ ಸ್ಪೀಕರಿನ ಬೇಸ್ ಕೋಣೆಯಿಂದ ಉಬ್ಬುವುದರಿಂದ ಯಂತ್ರ ಎಷ್ಟೋ ಸಲ ಮುಂದಿನವನ್ನು "ಲಾರ್ಜ್", ಅಂದರೆ ಪೂರ್ತಿ ಬೇಸನ್ನು ತಾವೇ ನುಡಿಸಬಲ್ಲವು, ಎಂದು ತಿಳಿಯುತ್ತದೆ. ಎಲ್ಲವನ್ನೂ "ಸ್ಮಾಲ್" ಮಾಡಿ, ಮುಂದಿನ ಮೂರಕ್ಕೆ 80, ಚಿಕ್ಕ ಸರೌಂಡು ಮತ್ತು ಮೇಲಿನವಕ್ಕೆ 100 ಅಥವಾ 120 ಹರ್ಟ್ಸ್ ಕ್ರಾಸ್‌ಓವರ್, ಎಲ್‌ಎಫ್‌ಇಗೆ (ಸಿನಿಮಾದಲ್ಲಿ ಸಬ್ಬಿಗೆಂದೇ ಇರುವ ಬೇಸ್ ಚಾನೆಲ್) 120. ಸಬ್ಬಿನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಎರಡೆರಡು ಸಲ ಸೋಸಿದಂತಾಗುತ್ತದೆ. ಮಾತು ಇನ್ನೂ ಹಿಂದೆ ಬಿದ್ದಂತಿದ್ದರೆ ಸೆಂಟರನ್ನು ಎರಡು ಡೆಸಿಬೆಲ್ ಏರಿಸಿ, ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ದೋಷ ಸೆಂಟರಿನದಲ್ಲ, ಇನ್ನೆರಡು ಪ್ಯಾನೆಲ್ ಬಾಕಿಯಿದೆ. ಸರಿಹೊಂದಿದ ಮೇಲೆ ಮೆನುವಿನ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೊಂದು ದಿನ ರಿಸೀವರನ್ನು ರೀಸೆಟ್ ಮಾಡಬೇಕಾದರೆ ಆ ಸಂಖ್ಯೆಗಳನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗುವುದಿಲ್ಲ.